ತೊಟ್ಟಿ ಮನೆ ಇದ್ದ ಜಾಗಕ್ಕೊಂದು ಕಲ್ಲು: ದೇಣಿಗೆ ಮನವಿ

ಊರಿನ ಬಂಧುಗಳೇ, ನಮ್ಮ ಶಾಲೆಯಲ್ಲಿ ಓದಿ ಬೇರೆ ಊರುಗಳಲ್ಲಿ ನೆಲೆಸಿರುವ ಗೆಳೆಯರೇ,

ಬೇಲೂರಿನಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ, ನಮ್ಮ ಶಾಲೆಯ ಪಕ್ಕದಲ್ಲಿದ್ದ ತೊಟ್ಟಿ ಮನೆ ನಿಮಗೆಲ್ಲ ನೆನಪಿದೆ ಅಲ್ವಾ? ಆ ಮನೆ ಈಗಿಲ್ಲ. ಅರ್ಧ ಭಾಗ ಮಳೆಗೆ ಕುಸಿಯಿತು, ಉಳಿದದ್ದನ್ನು ಅಪಾಯ ಅಂತ ಕೆಡವಿದರು. ರಸ್ತೆ ಅಗಲ ಮಾಡುವಾಗ ಮುಂದಿದ್ದ ತಗಡಿನ ಬೋರ್ಡೂ ಹೋಯಿತು. ಕಿತ್ತು ಚರಂಡಿ ಪಕ್ಕ ಒರಗಿಸಿದ್ದರು. ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ.

ನಮ್ಮ ಶಾಲೆ ಶುರುವಾದದ್ದು ಆ ಮನೆಯ ಜಗಲಿಯಲ್ಲಿ. ಕಟ್ಟಡ ಆಗುವವರೆಗೂ ಮಕ್ಕಳು ಅಲ್ಲೇ ಕೂತು ಮರಳಿನ ಮೇಲೆ ಅಕ್ಷರ ತಿದ್ದಿದರು. ಚೈತ್ರದಲ್ಲಿ ಬೇಲೂರು ಚೆನ್ನಕೇಶವನ ತೇರಿಗೆ ನಡೆದು ಹೋಗುವವರು ರಾತ್ರಿ ಅಲ್ಲೇ ತಂಗುತ್ತಿದ್ದರು. ಯಾರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಿದ ಮನೆ ಅದಲ್ಲ ಎಂದು ಹಿರಿಯರು ಈಗಲೂ ಹೇಳುತ್ತಾರೆ.

ಇಂಥ ಮನೆಗಳು ಒಂದೇ ದಿನಕ್ಕೆ ಬೀಳುವುದಿಲ್ಲ. ಜನ ವಾಸ ಬಿಟ್ಟ ಮೇಲೆ ಒಲೆಯ ಹೊಗೆ ನಿಲ್ಲುತ್ತದೆ, ಅಟ್ಟದ ಮರಕ್ಕೆ ಗೆದ್ದಲು ಹತ್ತುತ್ತದೆ. ಒಂದು ಹೆಂಚು ಜಾರಿದರೆ ಸಾಕು, ನೀರು ನೇರ ಮಣ್ಣಿನ ಗೋಡೆಗೆ ಇಳಿಯುತ್ತದೆ. ಗೋಡೆ ಮೊದಲು ಉಬ್ಬುತ್ತದೆ, ಆಮೇಲೆ ಬಾಯಿ ಬಿಡುತ್ತದೆ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಿದ್ದರೆ ಆ ಮನೆ ಇವತ್ತೂ ನಿಂತಿರುತ್ತಿತ್ತು. ಅದಕ್ಕೇ ಸಂಕಟ ಜಾಸ್ತಿ.

ಮನೆಯನ್ನು ಮತ್ತೆ ಕಟ್ಟಲು ನಾವು ಹಣ ಕೇಳುತ್ತಿಲ್ಲ. ಸಿಮೆಂಟಿನಲ್ಲಿ ಅದರ ಹಾಗೇ ಇನ್ನೊಂದು ಮಾಡಿದರೆ ಅದು ಆ ಮನೆ ಆಗುವುದಿಲ್ಲ. ಕೆಡವಿದಾಗ ಸಿಕ್ಕ ಹಲಸಿನ ಕಂಬಗಳು ಮತ್ತು ಕಂಬದ ತಲೆಯ ಮೇಲೆ ಕೂರುವ ಕೆತ್ತನೆಯ ಬೋದಿಗೆಗಳು ಶಾಲೆಯ ಹಿಂದೆ ಟಾರ್ಪಾಲಿನ ಕೆಳಗಿವೆ. ಒಂದು ಕಂಬದಲ್ಲಿ ತೊಟ್ಟಿಲು ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು ಬೆರಳಿಗೆ ಸಿಗುತ್ತದೆ. ಅವುಗಳಿಗೆ ಗೆದ್ದಲು ಔಷಧಿ ಹೊಡೆಸಿ, ಶಾಲೆಯ ಅಂಗಳದಲ್ಲಿ ಮಾಡು ಹಾಕಿ ನಿಲ್ಲಿಸಬೇಕು. ಮನೆ ಇದ್ದ ಜಾಗದ ಗುರುತಿಗೆ ಒಂದು ಕಲ್ಲು ನೆಡಬೇಕು. ನಮ್ಮ ಕೋರಿಕೆ ಇಷ್ಟೇ.

ಕಲ್ಲೇ ಯಾಕೆ ಅಂತ ಕೆಲವರು ಕೇಳಿದರು. ನಮ್ಮ ತಾಲ್ಲೂಕಿನ ಹಲ್ಮಿಡಿಯನ್ನೇ ನೋಡಿ. ಸುಮಾರು ಕ್ರಿ.ಶ. 450ರ ಶಾಸನ, ಬರೀ 16 ಸಾಲು. 1936ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಆ ಕಾಲದ ಮನೆ, ಬೀದಿ ಒಂದೂ ಉಳಿದಿಲ್ಲ. ಕಲ್ಲು ಉಳಿದದ್ದಕ್ಕೆ ಊರಿನ ಕಥೆ ಉಳಿಯಿತು. ತಗಡಿನ ಬೋರ್ಡು ತುಕ್ಕು ಹಿಡಿಯುತ್ತದೆ, ಇಲ್ಲವೇ ಗುಜರಿಗೆ ಹೋಗುತ್ತದೆ. ಹಾಗಾಗಿ ಗ್ರಾನೈಟ್ ಕಲ್ಲಿನಲ್ಲಿ ಅಕ್ಷರಗಳನ್ನು ಆಳವಾಗಿ ಕೆತ್ತಿಸುತ್ತೇವೆ, ಬರೀ ಬಣ್ಣದಲ್ಲಿ ಬರೆಸುವುದಿಲ್ಲ. ರಸ್ತೆ ಇನ್ನೊಮ್ಮೆ ಅಗಲವಾದರೂ ಅಲುಗದ ಹಾಗೆ ಶಾಲೆಯ ಬೇಲಿಯ ಒಳಗೇ ನಿಲ್ಲಿಸುತ್ತೇವೆ.

ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೂರದ ಊರುಗಳ ಕಾರುಗಳು ನಮ್ಮ ಮುಂದೆಯೇ ಹೋಗುತ್ತವೆ. ಅವರು ನಿಲ್ಲಲಿ, ಬಿಡಲಿ. ನಮ್ಮ ಮಕ್ಕಳಿಗಾದರೂ ತಮ್ಮ ಶಾಲೆ ಹುಟ್ಟಿದ ಜಾಗ ಗೊತ್ತಿರಬೇಕು.

ನಿಮ್ಮ ಕೈಲಾದಷ್ಟು ಕೊಡಿ. ನೂರು ರೂಪಾಯಿ ಆದರೂ ಸರಿ, ರಸೀದಿ ಕೊಡುತ್ತೇವೆ. ಬಡಗಿ ಕೆಲಸ ಬಲ್ಲವರು ಎರಡು ದಿನದ ಕೆಲಸ ಕೊಟ್ಟರೂ ಅದು ದೇಣಿಗೆಯೇ. ಬ್ಯಾಂಕ್ ಖಾತೆಯ ವಿವರ ಶಾಲೆಯ ಆಫೀಸಿನಲ್ಲಿ ಸಿಗುತ್ತದೆ. ಕಲ್ಲಿನವರು, ಬಡಗಿಗಳು ಕೊಟ್ಟ ಅಂದಾಜು ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದೇವೆ, ಕೆಲಸ ಮುಗಿದ ಮೇಲೆ ಖರ್ಚಿನ ಲೆಕ್ಕವನ್ನೂ ಅಲ್ಲೇ ಹಾಕುತ್ತೇವೆ. ಮುಂಗಾರು ಹಿಡಿಯುವ ಮೊದಲು ಕಲ್ಲಿನ ಪಾಯ ಮುಗಿಯಬೇಕು.

ಇನ್ನೊಂದು ಮಾತು. ಮದುವೆ, ನಾಮಕರಣ, ಶಾಲೆಯ ಗುಂಪು ಫೋಟೋ, ಯಾವುದರಲ್ಲಾದರೂ ಆ ಮನೆಯ ಒಂದು ಮೂಲೆ ಕಂಡರೂ ದಯವಿಟ್ಟು ತನ್ನಿ. ನಕಲು ತೆಗೆದುಕೊಂಡು ಮೂಲ ಫೋಟೋವನ್ನು ಅವತ್ತೇ ವಾಪಸ್ ಕೊಡುತ್ತೇವೆ.

ಶಾಲೆಯ ಹಳೆಯ ವಿದ್ಯಾರ್ಥಿಗಳು ಮತ್ತು ಊರಿನವರು