ಕುಬಸದ ಖಣ, ಕೂಸಿನ ಕೌದಿ

ಮೊನ್ನೆ ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಸೋದರತ್ತೆ ನಾನೇ, ಹಾಗಾಗಿ ಹೆಸರಿಟ್ಟವಳೂ ನಾನೇ. ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಬೆನ್ನಿಗೆ ಬಿದ್ದ ಗುದ್ದುಗಳಿಗೆ ಲೆಕ್ಕವಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಮೂರು ತಿಂಗಳ ಅಂಜಿಕೆಯನ್ನು ನನ್ನ ಬೆನ್ನಿನ ಮೇಲೆ ತೀರಿಸಿಕೊಂಡರು. ಇರಲಿ, ಆ ಗುದ್ದುಗಳಿಗೂ ಸೇರಿಸಿಯೇ ಈ ಥ್ಯಾಂಕ್ಸ್.

ಕೂಸು ಹುಟ್ಟಿದ್ದು 32ನೇ ವಾರಕ್ಕೆ. ತೂಕ 1 ಕಿಲೋ 400 ಗ್ರಾಂ. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ದಿನ ನೋಡಿದ್ದೆವು, ಗುಳೇದಗುಡ್ಡದ ಹಸಿರು ಖಣ (ಕುಪ್ಪಸದ ಬಟ್ಟೆ) ತಂದಿದ್ದೆವು. ಕುಬಸಕ್ಕೂ ಮೊದಲೇ ಕೂಸು ಬಂತು. ಆಮೇಲೆ 38 ದಿನ ಆಸ್ಪತ್ರೆ. ತಮ್ಮನ ಹೆಂಡತಿ ದಿನಾ ಗಂಟೆಗಟ್ಟಲೆ ಕೂಸನ್ನು ಬರಿ ಎದೆಗೆ ಅವುಚಿಕೊಂಡು ಕೂರುತ್ತಿದ್ದಳು. ಕಂಗಾರು ಆರೈಕೆ ಅಂತಾರಲ್ಲ, ಅದು. ಅವಳಿಗೆ ಮಾಡಲು ಒಂದು ಕೆಲಸ ಇತ್ತು. ನಾನು ಹೊರಗಿನ ಬೆಂಚಿನ ಮೇಲೆ ಸುಮ್ನೆ ಕೂತು ಕೆಟ್ಟ ಕೆಟ್ಟ ಯೋಚನೆ ಮಾಡುತ್ತಿದ್ದೆ.

ಆಗ ನಮ್ಮ ಟೇಲರ್ ಕಾಕಾ ಒಂದು ಚೀಲ ತಂದು ಪಕ್ಕಕ್ಕಿಟ್ಟರು. ಒಳಗೆ ಬರೀ ಕತ್ತರಿಸಿ ಉಳಿದ ಚೂರುಗಳು. "ಕೈ ಖಾಲಿ ಇಟ್ಕೊಂಡು ಕೂಡಬ್ಯಾಡ ತಂಗಿ, ಕೂಸಿಗೊಂದು ಕೌದಿ ಹೊಲಿ" ಅಂದರು. ಕಾಕಾ, ರೊಕ್ಕದ ಮಾತೆತ್ತಿದಾಗ ನೀವು ಬೈದದ್ದನ್ನು ಮರೆತಿಲ್ಲ.

ನನಗೆ ಗುಂಡಿ ಹಚ್ಚುವುದು ಬಿಟ್ಟರೆ ಹೊಲಿಗೆ ಬರುತ್ತಿರಲಿಲ್ಲ. ಕಲಿಸಿದವರು ಎದುರುಮನೆ ಆಯಿ. ಮೊದಲನೇ ದಿನ ಚೀಲ ಸುರುವಿ ಅರ್ಧ ಚೂರುಗಳನ್ನು ಆಚೆ ಹಾಕಿದರು. ಜರಿ ಇದ್ದದ್ದು ಬೇಡ, ಕೂಸಿಗೆ ಚುಚ್ಚುತ್ತದೆ. ಜಾರುವ ಬಟ್ಟೆ ಬೇಡ. ಹೊಸ ಬಟ್ಟೆಯಾದರೆ ಮೊದಲು ಒಗೆದು ಒಣಗಿಸು, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ, ಬಣ್ಣ ಬಿಡುತ್ತದೆ. ತಳಕ್ಕೆ ಅವ್ವನ ಹಳೆಯ ಇಳಕಲ್ಲ ಸೀರೆ, ನಡುವೆ ಅಜ್ಜನ ಧೋತರ, ಮೇಲೆ ಚೂರುಗಳು. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬರಬೇಕು, ಹೊಲಿಗೆ ಮುಗಿಯುವುದು ನಟ್ಟನಡುವೆ. ನಾನು ಎರಡು ಸುತ್ತು ಹೊಲಿದು ಹೆಮ್ಮೆಯಿಂದ ತೋರಿಸಿದರೆ ಆಯಿ ಪೂರ್ತಿ ಬಿಚ್ಚಿಸಿದರು. "ಇಷ್ಟುದ್ದ ಹೊಲಿಗಿ ಹಾಕಿದ್ರ ಕೂಸಿನ ಬೆರಳು ಸಿಕ್ಕೊಂತಾವ. ಜೋಳದ ಕಾಳಿನಷ್ಟ ಇರಲಿ." ಆಯಿ, ಅವತ್ತು ನಿಮ್ಮ ಮೇಲೆ ಭಾಳ ಸಿಟ್ಟು ಬಂದಿತ್ತು. ಈಗ ಹೇಳಿಬಿಡುತ್ತೇನೆ.

ಸುದ್ದಿ ಹರಡಿ ಬಟ್ಟೆ ಬರತೊಡಗಿತು. ಪಕ್ಕದ ಮನೆ ವೈನಿ ಮಗನ ಶಾಲೆಯ ಅಂಗಿ ಕೊಟ್ಟರು, ಹಾಲಿನವರ ಮನೆಯಿಂದ ಹೂವಿನ ಪರಕಾರದ ತುಂಡು ಬಂತು. ಆಫೀಸಿನ ಗೆಳತಿಯೊಬ್ಬಳು ಕೊಟ್ಟ ಕೆಂಪು ಖಣವನ್ನು ಒಗೆಯದೆ ಹೊಲಿದದ್ದು ನನ್ನದೇ ತಪ್ಪು. ಅಜ್ಜನ ಧೋತರ ಒಂದು ಮೂಲೆಯಲ್ಲಿ ಗುಲಾಬಿಯಾಗಿದೆ. ಅಜ್ಜ ಇದ್ದಿದ್ದರೆ ರಂಪ ಮಾಡುತ್ತಿದ್ದರು.

ಮೂಲೆ ಅಂದಾಗ ನೆನಪಾಯಿತು. ನಮ್ಮ ಧಾರವಾಡದಿಂದ ಹಳಿಯಾಳದ ಕಡೆ ಹೋದರೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕವಂದಿ ಹೊಲಿಯುತ್ತಾರೆ, ಅದು ಅವರ ಕೌದಿ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ. ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬತ್ತಲೆ. ನಾನೂ ನಾಲ್ಕು ಹೂವು ಇಟ್ಟೆ. ಅವರಷ್ಟು ಚಂದ ಬಂದಿಲ್ಲ, ಆದರೆ ಹಸಿರು ಖಣ ಎಲ್ಲಿ ಹೋಯಿತು ಅಂತ ಕೇಳುವವರು ಆ ಮೂಲೆಗಳನ್ನು ನೋಡಿ.

ಆಸ್ಪತ್ರೆಯ ನರ್ಸಕ್ಕಂದಿರಿಗೆ ಏನು ಹೇಳಲಿ? ರಾತ್ರಿ ಮೂರು ಗಂಟೆಗೂ "20 ಗ್ರಾಂ ಜಾಸ್ತಿ ಆಗೇತ್ರಿ" ಅಂತ ಹೊರಗೆ ಬಂದು ಹೇಳುತ್ತಿದ್ದಿರಿ. ಕೌದಿ ನೋಡಿ ಖುಷಿಪಟ್ಟು, ಮರುಕ್ಷಣವೇ ಬೈದವರೂ ನೀವೇ. ಮಲಗಿದ ಕೂಸಿಗೆ ಇದನ್ನು ಹೊದಿಸಬೇಡಿ, ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತದೆ, ಎಚ್ಚರ ಇದ್ದಾಗ ನೆಲಕ್ಕೆ ಹಾಸಿ ಆಡಿಸಿ ಅಂದಿರಿ. ಹಾಗೇ ಮಾಡುತ್ತಿದ್ದೇವೆ.

ಈಗ ಕೂಸು 3 ಕಿಲೋ ದಾಟಿದೆ. ಕೌದಿಯನ್ನು ಈಗಾಗಲೇ ನಾಲ್ಕು ಸಲ ಒಗೆದಾಗಿದೆ, ಕಾರಣ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಕಾಕಾನ ಚೀಲದಲ್ಲಿ ಇನ್ನೂ ಅರ್ಧದಷ್ಟು ಚೂರು ಉಳಿದಿದೆ. ನಮ್ಮ ಓಣಿಯಲ್ಲಿ ಇನ್ನಿಬ್ಬರು ಬಸುರಿಯರಿದ್ದಾರೆ. ಆಯಿ ನಿನ್ನೆಯೇ ಸೂಜಿಗೆ ದಾರ ಪೋಣಿಸಿಕೊಡು ಅಂತ ಕರೆದಿದ್ದರು.