ಆರನೇ ವಿಷಯ ಯಾರ ಸ್ಟೆಪ್ನಿ?

ಸಂಪಾದಕರೇ,

ಹತ್ತನೇ ಕ್ಲಾಸಿನಲ್ಲಿರುವ ಮಗನ ಶಾಲೆಯಲ್ಲಿ ಕಳೆದ ಶನಿವಾರ ಪೋಷಕರ ಸಭೆ ಇತ್ತು. ಸಿಬಿಎಸ್‌ಇ ಶಾಲೆ, ಮೈಸೂರಿನದೇ, ಹೆಸರು ಬೇಡ. ಗಣಿತದ ಯೂನಿಟ್ ಟೆಸ್ಟಿನಲ್ಲಿ ನಮ್ಮವನಿಗೆ 40ಕ್ಕೆ 11 ಬಂದಿತ್ತು. ಬೈಸಿಕೊಳ್ಳೋಕೆ ತಯಾರಾಗಿಯೇ ಹೋಗಿದ್ದೆ. ಆದರೆ ಟೀಚರ್ ಬೈಯಲೇ ಇಲ್ಲ. ನಗುನಗುತ್ತಾ ಒಂದು ಫಾರ್ಮ್ ಮುಂದಿಟ್ಟರು. "ಐಟಿನ ಆರನೇ ಸಬ್ಜೆಕ್ಟಾಗಿ ತಗೊಂಡುಬಿಡಲಿ ಮೇಡಂ, ಸೇಫ್ಟಿಗೆ. ಮ್ಯಾಥ್ಸ್ ಹೋದ್ರೂ ಪಾಸಾಗ್ತಾನೆ" ಅಂದರು. ಹಿಂದೆ ಸಾಲಿನಲ್ಲಿ ನಿಂತಿದ್ದ ಅಪ್ಪ ಅಮ್ಮಂದಿರ ಕೈಯಲ್ಲೂ ಅದೇ ಫಾರ್ಮ್. ಕೆಲವರು ಗೋಡೆಗೆ ಒರಗಿಸಿಕೊಂಡು ಆಗಲೇ ಸಹಿ ಹಾಕುತ್ತಿದ್ದರು.

ಮಕ್ಕಳು ಎಸ್‌ಎಸ್‌ಎಲ್‌ಸಿ ಓದುತ್ತಿರುವವರಿಗೆ ಇದೇನು ಅಂತ ತಿಳಿಯಲಿಕ್ಕಿಲ್ಲ. ರಾಜ್ಯದ ಪರೀಕ್ಷೆಯಲ್ಲಿ ಆರು ಪೇಪರ್, ಎಲ್ಲವನ್ನೂ ಬರೆಯಲೇಬೇಕು. ಸಿಬಿಎಸ್‌ಇ ಹತ್ತರಲ್ಲಿ ಸಾಮಾನ್ಯವಾಗಿ ಐದೇ ವಿಷಯ: ಎರಡು ಭಾಷೆ, ಗಣಿತ, ವಿಜ್ಞಾನ, ಸಮಾಜ. ಇದರ ಜೊತೆಗೆ ಬೇಕಿದ್ದವರು ಒಂದು ಕೌಶಲ್ಯ ವಿಷಯವನ್ನು ಆರನೆಯದಾಗಿ ತೆಗೆದುಕೊಳ್ಳಬಹುದು. ಐಟಿ, ಎಐ, ರಿಟೇಲ್, ಟೂರಿಸಂ ಹೀಗೆ ತುಂಬಾ ಇವೆ. ನಾನು ನೋಡಿದ ಶಾಲೆಗಳಲ್ಲೆಲ್ಲ ಐಟಿಯದೇ ದರ್ಬಾರು. ಗಣಿತ, ವಿಜ್ಞಾನ, ಸಮಾಜ ಈ ಮೂರರಲ್ಲಿ ಒಂದು ಕೈಕೊಟ್ಟು ಆರನೆಯದು ಪಾಸಾಗಿದ್ದರೆ, ಬೋರ್ಡು ಹೋದ ವಿಷಯದ ಜಾಗದಲ್ಲಿ ಇದನ್ನು ಕೂರಿಸಿ ಮಗು ಪಾಸು ಅನ್ನುತ್ತದೆ. ಪಂಕ್ಚರ್ ಆದ ಚಕ್ರ ತೆಗೆದು ಸ್ಟೆಪ್ನಿ ಹಾಕಿದ ಹಾಗೆ.

ನಾನು ಈ ಆರನೇ ವಿಷಯದ ವಿರೋಧಿ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಐಟಿ ಮೇಷ್ಟ್ರುಗಳೆಲ್ಲ ಬೇಜಾರು ಮಾಡಿಕೊಳ್ಳುತ್ತಾರೆ. ನನ್ನ ಮಗಳು 2024ರಲ್ಲಿ ಹತ್ತನೇ ಕ್ಲಾಸ್ ಮುಗಿಸಿದಳು, ಅವಳಿಗೂ ಐಟಿ ಇತ್ತು. ಆದರೆ ಅವಳು ಒಂಬತ್ತನೇ ಕ್ಲಾಸಿನಿಂದಲೇ ಓದಿದ್ದಳು. ಮೊದಲ ವರ್ಷ ಕೀಬೋರ್ಡ್ ನೋಡದೆ ಟೈಪ್ ಮಾಡೋದು, ಆಮೇಲೆ ಸ್ಪ್ರೆಡ್‌ಶೀಟ್, ಡೇಟಾಬೇಸ್. ಥಿಯರಿ 50 ಅಂಕಕ್ಕೆ ಎರಡು ಗಂಟೆ, ಇನ್ನೈವತ್ತು ಪ್ರಾಕ್ಟಿಕಲ್, ವೈವಾ, ಪ್ರಾಜೆಕ್ಟ್ ಅಂತ. ಕಲಿಸಿದ ಮೇಷ್ಟ್ರು ಒಳ್ಳೆಯವರು, ಲ್ಯಾಬ್ ಸುಮಾರಾಗಿತ್ತು, ಇವಳಿಗೆ ಹುಚ್ಚು ಹಿಡಿಯಿತು.

ಒಂದು ಸಂಜೆ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಇವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಅಮ್ಮಾ, ನಂಗೆ 90 ಪರ್ಸೆಂಟ್ ಬರ್ಬೇಕು ಅಂದ್ರೆ ಗಣಿತದಲ್ಲಿ ಎಷ್ಟು ಬೇಕು ಗೊತ್ತಾ?" ಪ್ರಿಪರೇಟರಿಯ ಉಳಿದ ನಾಲ್ಕು ವಿಷಯಗಳ ಅಂಕ ಸಾಲಾಗಿ ಬರೆದಿದ್ದಳು: 91, 94, 88, 90. ಗಣಿತದ ಮನೆ ಖಾಲಿ. ಏನೋ ಒತ್ತಿದಳು, ಆ ಮನೆಯಲ್ಲಿ 87 ಅಂತ ಬಂತು. ಅದಕ್ಕೆ ಗೋಲ್ ಸೀಕ್ ಅಂತಾರಂತೆ. ಬೇಕಾದ ಉತ್ತರ ಕೊಟ್ಟರೆ ಪ್ರಶ್ನೆಯ ಬಿಟ್ಟ ಜಾಗವನ್ನು ಅದೇ ತುಂಬುತ್ತದೆ. ನಾನು 450ರಲ್ಲಿ 363 ಕಳೆದು ಬಾಯಲ್ಲೇ ಹೇಳಿದೆ, 87 ಅಂತ. ಮುಖ ಸಣ್ಣದಾಯಿತು ಪಾಪ. ಬೇಸಿಗೆ ರಜೆಗೆ ಹಾಸನದ ಹತ್ತಿರದ ನಮ್ಮೂರಿಗೆ ಹೋದಾಗ ಅಜ್ಜಿಯ ಡೈರಿ ಹಾಲಿನ ಚೀಟಿಗಳನ್ನೆಲ್ಲ ಅದೇ ಲ್ಯಾಪ್‌ಟಾಪಿಗೆ ತುಂಬಿದಳು. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ದುಡ್ಡು ಎಷ್ಟು. ಅಜ್ಜಿ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟ ಲೆಕ್ಕಕ್ಕೂ ಇವಳ ಲೆಕ್ಕಕ್ಕೂ ಒಂದು ರೂಪಾಯಿ ವ್ಯತ್ಯಾಸ ಇರಲಿಲ್ಲ. "ನಿನ್ ಮಿಷನ್ನು ಪರವಾಗಿಲ್ಲ ಕಣೇ" ಅಂದರು ಅಜ್ಜಿ.

ಹೀಗೆ ಓದಿದರೆ ಆರನೇ ವಿಷಯ ಚೆಂದ. ನಮ್ಮ ಅಕ್ಕನ ಮಗನದು ಬೇರೆ ಕತೆ. ಅವನು ಗಣಿತದಲ್ಲಿ ಹೋಗಿ, ಐಟಿಯ ದಯೆಯಿಂದ ಪಾಸಾಗಿ, ಆರ್ಟ್ಸ್ ತೆಗೆದುಕೊಂಡು ಈಗ ಆರಾಮಾಗಿ ಬಿಎ ಓದುತ್ತಿದ್ದಾನೆ. ಆ ಒಂದು ವಿಷಯಕ್ಕೋಸ್ಕರ ಅವನನ್ನು ಮನೆಯಲ್ಲಿ ಕೂರಿಸಿದ್ದರೆ ಏನು ಲಾಭ ಇತ್ತು? ಅಂಥ ಮಕ್ಕಳಿಗೆ ಬೋರ್ಡು ಒಂದು ದಾರಿ ಬಿಟ್ಟಿದೆ, ಒಳ್ಳೆಯದೇ.

ನನ್ನ ಜಗಳ ಇರುವುದು ಹತ್ತನೇ ಕ್ಲಾಸಿನ ಮಧ್ಯೆ ಫಾರ್ಮ್ ಹಂಚುವುದರ ಬಗ್ಗೆ. ಹತ್ತನೇ ಕ್ಲಾಸಿನ ಹೆಚ್ಚುವರಿ ವಿಷಯವನ್ನೂ ಎರಡು ವರ್ಷ ಓದಿರಬೇಕು ಅಂತ ಬೋರ್ಡೇ 2025ರ ಸೆಪ್ಟೆಂಬರ್‌ನಲ್ಲಿ ಶಾಲೆಗಳಿಗೆ ಮತ್ತೊಮ್ಮೆ ಬರೆದು ತಿಳಿಸಿದೆ. ನನ್ನ ಮಗ ಒಂಬತ್ತರಲ್ಲಿ ಐಟಿ ಪುಸ್ತಕದ ಮುಖವನ್ನೂ ನೋಡಿಲ್ಲ. ಅದನ್ನೇ ಕೇಳಿದೆ. ಟೀಚರ್ ಆಚೀಚೆ ನೋಡಿದರು. "ಅದನ್ನ ನಾವು ನೋಡ್ಕೋತೀವಿ ಮೇಡಂ" ಅಂದರು. ನೋಡ್ಕೋತೀವಿ ಅಂದರೆ ಏನು? ಓದದೇ ಇದ್ದದ್ದನ್ನು ಓದಿದ್ದಾನೆ ಅಂತ ಬರೆದುಕೊಳ್ಳುತ್ತಾರಾ? ಹದಿನೈದರ ಹುಡುಗನಿಗೆ ಬೋರ್ಡ್ ಪರೀಕ್ಷೆಗೆ ಮೊದಲು ಕಲಿಸುವ ಮೊದಲ ಪಾಠ ಇದಾ? ಇನ್ನು ಎರಡು ವರ್ಷದ ಪಾಠವನ್ನು ಆರು ತಿಂಗಳಲ್ಲಿ ಯಾವಾಗ ಮಾಡುತ್ತೀರಿ ಅಂದರೆ ಆಟದ ಪೀರಿಯಡ್ಡು ಮತ್ತು ಶನಿವಾರ ಮಧ್ಯಾಹ್ನ ಅಂತೆ. ಲ್ಯಾಬ್ ಫೀ ಬೇರೆ, ನಾಲ್ಕೂವರೆ ಸಾವಿರ. ಬೋರ್ಡು ಒಂದು ವಿಷಯಕ್ಕೆ ತೆಗೆದುಕೊಳ್ಳುವ ಪರೀಕ್ಷಾ ಶುಲ್ಕ 2026ಕ್ಕೆ 320 ರೂಪಾಯಿ ಇತ್ತು. ಉಳಿದದ್ದು ಯಾವ ಲ್ಯಾಬಿಗೋ.

ಗಣಿತ ಅಷ್ಟು ಭಯಂಕರವಾ ಅಂತ ನಾನೇ ಕೂತು ಲೆಕ್ಕ ಹಾಕಿದೆ. ಪಾಸಾಗೋಕೆ ಬೇಕಿರುವುದು ನೂರಕ್ಕೆ 33. ಅದರಲ್ಲಿ 80 ಬೋರ್ಡ್ ಪರೀಕ್ಷೆಯದು, 20 ಶಾಲೆಯವರೇ ಕೊಡುವ ಇಂಟರ್ನಲ್. ಹತ್ತನೇ ಕ್ಲಾಸಿಗೆ ಎರಡೂ ಸೇರಿ 33 ಬಂದರೆ ಸಾಕು. ಇಂಟರ್ನಲ್‌ನಲ್ಲಿ 15 ಬಂದರೆ ಪರೀಕ್ಷೆಯಲ್ಲಿ 18 ತೆಗೆದರಾಯಿತು, 80ಕ್ಕೆ. ಸ್ಟ್ಯಾಂಡರ್ಡ್ ಗಣಿತ ಕಷ್ಟ ಅನ್ನುವವರಿಗೆ ಬೇಸಿಕ್ ಗಣಿತ ಅಂತ ಸುಲಭದ ಪೇಪರ್ ಇನ್ನೊಂದಿದೆ, 2020ರ ಪರೀಕ್ಷೆಯಿಂದಲೇ ಬಂದಿದೆ, ಪಾಠ ಅದೇ, ಪ್ರಶ್ನೆ ಹಗುರ. ಅದೂ ಸಾಲದು ಅಂದರೆ 2026ರಿಂದ ವರ್ಷಕ್ಕೆ ಎರಡು ಪರೀಕ್ಷೆ ಶುರುವಾಗಿದೆ, ಫೆಬ್ರವರಿಯಲ್ಲಿ ಎಡವಿದವರು ಮೇ ತಿಂಗಳಲ್ಲಿ ಮತ್ತೆ ಬರೆಯಬಹುದು. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಂತೂ 2024, 2025ರಲ್ಲಿ ಮೂರು ಮೂರು ಪರೀಕ್ಷೆ ನಡೆದಿದ್ದವು. ಇಷ್ಟೆಲ್ಲ ಇರುವಾಗ ಶಾಲೆಗೆ ಸ್ಟೆಪ್ನಿ ಮೇಲೆ ಯಾಕೆ ಇಷ್ಟು ಪ್ರೀತಿ?

ಉತ್ತರ ಗೇಟಿನ ಪಕ್ಕ ನೇತಾಡುತ್ತಿತ್ತು. ಹತ್ತನೇ ಕ್ಲಾಸ್ ನೂರಕ್ಕೆ ನೂರು ಫಲಿತಾಂಶ ಅಂತ ದೊಡ್ಡ ಫ್ಲೆಕ್ಸ್, ಕೋಟು ಹಾಕಿದ ಮಕ್ಕಳ ಫೋಟೋ, ಮೇಲೆ ಆಡಳಿತ ಮಂಡಳಿಯವರದ್ದು ಇನ್ನೂ ದೊಡ್ಡ ಫೋಟೋ. ಒಬ್ಬ ಹುಡುಗ ಗಣಿತದಲ್ಲಿ ಹೋದರೂ ಆ ನೂರು ತೊಂಬತ್ತೊಂಬತ್ತಾಗುತ್ತದೆ, ಮುಂದಿನ ವರ್ಷದ ಅಡ್ಮಿಷನ್‌ಗೆ ಪೆಟ್ಟು ಬೀಳುತ್ತದೆ. ಸ್ಟೆಪ್ನಿ ಇದ್ದರೆ ಆ ಭಯ ಇಲ್ಲ. ಫ್ಲೆಕ್ಸಿನಲ್ಲಿ ಯಾರು ಯಾವ ಚಕ್ರದ ಮೇಲೆ ಬಂದರು ಅಂತ ಬರೆಯುವುದಿಲ್ಲವಲ್ಲ.

ಮನೆಗೆ ಬಂದು ಮಗನ ಒಂಬತ್ತನೇ ಕ್ಲಾಸಿನ ಗಣಿತದ ನೋಟ್‌ಬುಕ್ ಹುಡುಕಿ ತೆಗೆದೆ. ಮೊದಲೇ ನೋಡಬೇಕಿತ್ತು, ನನ್ನದೂ ತಪ್ಪಿದೆ. ಬಹುಪದೋಕ್ತಿಯ ಅಧ್ಯಾಯ ಶುರುವಾಗಿದೆ, ಅಪವರ್ತಿಸಿ ಅನ್ನುವ ನಾಲ್ಕನೇ ಲೆಕ್ಕದಲ್ಲಿ ಸಮ ಚಿಹ್ನೆ ಹಾಕಿದವನು ಅಲ್ಲಿಗೇ ನಿಲ್ಲಿಸಿದ್ದಾನೆ. ಆಮೇಲೆ ಆರು ಹಾಳೆ ಖಾಲಿ. ಏಳನೆಯದರಿಂದ ರೇಖಾಗಣಿತ, ಪಕ್ಕದಲ್ಲಿ ಬೇರೆ ಟೀಚರ್‌ನ ಹಸಿರು ಇಂಕಿನ ಸಹಿ. ಕೇಳಿದರೆ, "ಆ ಸರ್ ಬಿಟ್ಟು ಹೋದ್ರಲ್ಲಮ್ಮಾ, ಹೊಸಬ್ರು ಬರೋತನಕ ಲೈಬ್ರರಿಗೆ ಕಳಿಸ್ತಿದ್ರು" ಅಂದ. ಒಂದು ವರ್ಷದಲ್ಲಿ ಗಣಿತಕ್ಕೆ ಮೂರು ಜನ ಬಂದು ಹೋದರಂತೆ. ಈಗ ಹತ್ತರಲ್ಲಿ ವರ್ಗ ಸಮೀಕರಣ ಬಂದಿದೆ, ಅಪವರ್ತನ ಬರದವನಿಗೆ ಅದು ಹೇಗೆ ಬರಬೇಕು ಹೇಳಿ? ಶಾಲೆ ಕೊಡದೆ ಬಿಟ್ಟ ಆರು ಹಾಳೆಯ ಪಾಠವನ್ನು ಮುಚ್ಚೋಕೆ ಈಗ ಹೊಸದೊಂದು ಪುಸ್ತಕ.

ಪಾಸಿನ ಮಾತು ಬಿಡಿ, ಪರ್ಸೆಂಟೇಜ್ ಏರುತ್ತದೆ ಅನ್ನುವ ಆಸೆಯನ್ನೂ ತೋರಿಸುತ್ತಾರೆ. ಇದರಲ್ಲಿ ನಾವು ಮಗಳ ವಿಷಯದಲ್ಲಿ ಮೋಸ ಹೋದವರು. ಅವಳಿಗೆ ಕೊನೆಗೆ ಬಂದದ್ದು ಇಂಗ್ಲಿಷ್ 90, ಕನ್ನಡ 95, ವಿಜ್ಞಾನ 84, ಸಮಾಜ 88, ಗಣಿತ 79, ಐಟಿ 97. ಗಣಿತ ತೆಗೆದು ಐಟಿ ಹಾಕಿದರೆ ಶೇ 90.8. ಮುಖ್ಯ ಐದನ್ನೇ ಹಿಡಿದರೆ ಶೇ 87.2. ನಾವು 90.8 ಅಂತ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿ ಮುಗಿಸಿದ್ದೆವು. ಪಿಯು ಸೈನ್ಸ್ ಸೀಟಿಗೆ ಅಂತ ಹೋದ ಮೊದಲ ಕಾಲೇಜಿನ ಗುಮಾಸ್ತರು ಅಂಕಪಟ್ಟಿ ನೋಡಿ, ಕನ್ನಡಕ ಹಣೆಗೆ ಏರಿಸಿ ಕೇಳಿದರು: "ಗಣಿತ ಬಿಟ್ಟು ಲೆಕ್ಕ ಹಾಕಿ ಸೈನ್ಸ್ ಸೀಟು ಹೆಂಗ್ ಕೊಡ್ಲಿ ಮೇಡಂ?" ನಿಜ ಹೇಳಬೇಕೆಂದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಎರಡನೇ ಕಾಲೇಜು 90.8ನ್ನೇ ಒಪ್ಪಿಕೊಂಡಿತು. ಒಂದೇ ಅಂಕಪಟ್ಟಿ, ಅರ್ಧ ಕಿಲೋಮೀಟರ್ ಅಂತರದಲ್ಲಿ ಎರಡು ಲೆಕ್ಕ. ಆಮೇಲೆ ತಿಳಿಯಿತು, ಸಿಬಿಎಸ್‌ಇ ಒಟ್ಟು ಪರ್ಸೆಂಟೇಜ್ ಅಂತ ಲೆಕ್ಕ ಹಾಕುವುದೇ ಇಲ್ಲ. ಐದಕ್ಕಿಂತ ಜಾಸ್ತಿ ವಿಷಯ ಇದ್ದರೆ ಯಾವ ಐದನ್ನು ಹಿಡಿಯಬೇಕು ಅನ್ನುವುದನ್ನು ಸೀಟು ಕೊಡುವವರಿಗೇ ಬಿಟ್ಟಿದೆ. ಈ ಮಾತನ್ನು ಫಾರ್ಮ್ ಕೊಡುವಾಗ ಒಬ್ಬರಾದರೂ ಹೇಳಬೇಕಿತ್ತು ಅಲ್ವಾ?

ಅಂಕಕ್ಕೋಸ್ಕರ ವಿಷಯ ಆರಿಸುವುದು ನಮಗೆ ಹೊಸದೇನಲ್ಲ. ನಾನು ಹಾಸನದಲ್ಲಿ ಎಸ್‌ಎಸ್‌ಎಲ್‌ಸಿ ಓದುವಾಗ 125 ಅಂಕದ ಪ್ರಥಮ ಭಾಷೆಗೆ ಸಂಸ್ಕೃತ ತೆಗೆದುಕೊಂಡವರು ಅರ್ಧ ಕ್ಲಾಸು. ಎಲ್ಲರಿಗೂ ಕಾಳಿದಾಸನ ಮೇಲೆ ಪ್ರೀತಿ ಅಂತಲ್ಲ, ಕನ್ನಡದಲ್ಲಿ ಉತ್ತರ ಬರೆದರೂ ಅಂಕ ಸುರಿಯುತ್ತದೆ ಅಂತ. ಪ್ರಥಮ ಭಾಷೆ ಯಾವುದಿರಬೇಕು ಅನ್ನುವ ಜಗಳದಿಂದಲೇ ಗೋಕಾಕ್ ಸಮಿತಿ ಬಂದದ್ದು, ಚಳವಳಿ ಎದ್ದದ್ದು. ನಾನೂ ಸಂಸ್ಕೃತದವಳೇ, 119 ಬಂದಿತ್ತು. ಈಗ ನಾಲ್ಕು ಶಬ್ದರೂಪ ಹೇಳು ಅಂದರೆ ರಾಮಃ ರಾಮೌ ರಾಮಾಃ ಆದಮೇಲೆ ಗಾಡಿ ನಿಲ್ಲುತ್ತದೆ. ಆದರೆ ಆಗ ಹತ್ತನೇ ಕ್ಲಾಸಿನ ನಡುವೆ ಬಂದು, ನಿನಗೆ ಗಣಿತ ಬರಲ್ಲ, ಇದನ್ನು ತಗೋ ಅಂತ ಯಾರೂ ಹೇಳಿರಲಿಲ್ಲ. ಬರದಿದ್ದರೆ ಮೇಷ್ಟ್ರು ಸಂಜೆ ಕೂರಿಸಿಕೊಳ್ಳುತ್ತಿದ್ದರು, ಕಿವಿ ಹಿಂಡುತ್ತಿದ್ದರು ಕೂಡ, ಅದು ಬೇಡ ಬಿಡಿ.

ಮಗನನ್ನೇ ಕೇಳಿದೆ, ನಿನಗೆ ಐಟಿ ಬೇಕಾ ಅಂತ. "ಅಕ್ಕನ ಹಂಗೆ ಮೊದ್ಲಿಂದ ಆಗಿದ್ರೆ ಬೇಕಿತ್ತು" ಅಂದ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಟೀಚರ್‌ಗೆ ನಾನು ಪಾಸಾಗಲ್ಲ ಅಂತ ಈಗ್ಲೇ ಗೊತ್ತಾಗೋಯ್ತಾ?" ಅಂತ ಕೇಳಿದ. ಫಾರ್ಮ್ ಹಂಚುವವರಿಗೆ ಈ ಮಾತು ಕೇಳಿಸಬೇಕು ಅಂತಲೇ ಈ ಪತ್ರ ಬರೆಯಲು ಕೂತದ್ದು. ಆಗಸ್ಟ್‌ನಲ್ಲಿ ಒಂದು ಹಾಳೆಗೆ ಸಹಿ ಹಾಕಿಸಿಕೊಂಡರೆ ಮಗು ಫೆಬ್ರವರಿವರೆಗೆ ಆ ಹಾಳೆಯನ್ನು ತಲೆಯಲ್ಲಿ ಹೊತ್ತುಕೊಂಡೇ ಓದುತ್ತದೆ. ಗಣಿತದ ಪುಸ್ತಕ ತೆರೆದಾಗಲೆಲ್ಲ, ಹೇಗೂ ಐಟಿ ಇದೆಯಲ್ಲ ಅನ್ನುತ್ತದೆ.

ಶಾಲೆಗಳು ಒಂಬತ್ತನೇ ಕ್ಲಾಸಿನ ಜೂನ್‌ನಲ್ಲೇ ಪೋಷಕರನ್ನು ಕೂರಿಸಿಕೊಂಡು ಈ ವಿಷಯ ಏನು, ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಪೀರಿಯಡ್, ಎಷ್ಟು ದುಡ್ಡು, ಮುಂದೆ ಯಾವ ಲೆಕ್ಕಕ್ಕೆ ಬರುತ್ತದೆ, ಯಾವುದಕ್ಕೆ ಬರಲ್ಲ ಅಂತ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಒಂದು ಹಾಳೆ ಬರೆದು ಕೊಡಲಿ. ಪಿಯು ಕಾಲೇಜುಗಳೂ ಆರು ವಿಷಯದ ಅಂಕಪಟ್ಟಿ ತಂದವರಿಗೆ ಯಾವ ಐದು ಹಿಡಿಯುತ್ತೇವೆ ಅಂತ ಅರ್ಜಿಯ ಮೇಲೆಯೇ ಅಚ್ಚು ಹಾಕಿಬಿಡಲಿ. ಒಂದು ಸಾಲಿನ ಕೆಲಸ.

ನಮ್ಮ ಮನೆಯಲ್ಲಿ ಸದ್ಯಕ್ಕೆ ಆಗಿರುವುದು ಇಷ್ಟು. ಹಿಂದಿನ ಬೀದಿಯಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಒಬ್ಬರಿದ್ದಾರೆ. ಅವರ ಹತ್ತಿರ ಕಳಿಸುತ್ತಿದ್ದೇನೆ. ಹತ್ತನೇ ಕ್ಲಾಸಿನ ಪುಸ್ತಕ ಒಳಗಿಡು, ಎಂಟನೆಯದನ್ನು ತಾ ಅಂದರಂತೆ. ನಿನ್ನೆ ರಾತ್ರಿ ಊಟಕ್ಕೆ ಕರೆದರೆ ಬರಲಿಲ್ಲ. ನೋಡಿದರೆ ಆ ನಿಂತುಹೋಗಿದ್ದ ನಾಲ್ಕನೇ ಲೆಕ್ಕ ಮುಗಿಸಿ ಐದನೆಯದು ಮಾಡುತ್ತಿದ್ದ. ಅದೇ ಹಳೇ ನೋಟ್‌ಬುಕ್, ಅದೇ ಖಾಲಿ ಹಾಳೆ.

ಫಾರ್ಮಿಗೆ ಸಹಿ ಹಾಕಿಲ್ಲ. ಶಾಲೆಯಿಂದ ಎರಡು ಸಲ ಫೋನ್ ಬಂತು. ಮೂರನೇ ಸಲ ಬಂದರೆ, ಉಳಿದ ಐದು ಹಾಳೆಯ ಪಾಠ ಯಾವಾಗ ಮಾಡುತ್ತೀರಿ ಅಂತ ಕೇಳುವವಳಿದ್ದೇನೆ.

ಒಬ್ಬ ತಾಯಿ, ಕುವೆಂಪುನಗರ, ಮೈಸೂರು
(ಹೆಸರು ಹಾಕಬೇಡಿ, ಮಗನಿಗೆ ಇನ್ನೂ ಇಂಟರ್ನಲ್ ಅಂಕ ಬರಬೇಕಿದೆ)