ರಾತ್ರಿಯನ್ನು ಕಂಡವರಿಗೆ

ನನ್ನ ಮಾತ್ರೆಗಳು ದಿನಕ್ಕೆ ನಾಲ್ಕರಿಂದ ಒಂದಕ್ಕೆ ಇಳಿದು ಕೆಲವು ತಿಂಗಳುಗಳಾದವು. ಕಳೆದ ವಾರ ವೈದ್ಯರು ಚುಚ್ಚುಮದ್ದಿನ ಅಂತರವನ್ನೂ ಹೆಚ್ಚಿಸಿದರು. ಕಲಬುರಗಿಯ ಒಂದು ಇಡೀ ಬೇಸಿಗೆಯನ್ನು ಮೈ ಕೆರೆದುಕೊಳ್ಳದೆ, ರಾತ್ರಿ ಎದ್ದು ಕೂರದೆ ಕಳೆದೆ ಎಂಬುದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಇಂದು ಅಕ್ಟೋಬರ್ 1. ನನ್ನ ಕಾಯಿಲೆಯಾದ ಅರ್ಟಿಕೇರಿಯಾಕ್ಕೆಂದು, ಅಂದರೆ ನಮ್ಮ ಮನೆಗಳಲ್ಲಿ ಪಿತ್ತದ ಗಂಧೆ ಎನ್ನುವುದಕ್ಕೆಂದು, ಜಗತ್ತು ಮೀಸಲಿಟ್ಟಿರುವ ದಿನ. ಧನ್ಯವಾದ ಹೇಳಲು ಇದಕ್ಕಿಂತ ತಕ್ಕ ದಿನ ನನಗೆ ತೋಚಲಿಲ್ಲ. ನಡೆದದ್ದೆಲ್ಲ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದರಿಂದ ಪರೀಕ್ಷೆಗಳ, ವರದಿಗಳ ವಿವರಕ್ಕೆ ಮತ್ತೆ ಹೋಗುವುದಿಲ್ಲ. ಪೂರ್ತಿ ಗುಣವಾಯಿತು ಎಂದೂ ನಾನು ಹೇಳುತ್ತಿಲ್ಲ. ಹೇಳಬೇಕಾಗಿರುವುದು ಜೊತೆಗಿದ್ದವರ ಕುರಿತು.

ಈ ಕಾಯಿಲೆಯ ಅತ್ಯಂತ ಕ್ರೂರವಾದ ಗುಣವೆಂದರೆ ಅದು ಗುರುತು ಉಳಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಅಂಗೈಯಗಲದ ದದ್ದುಗಳು ಬೆನ್ನಿನಿಂದ ತೊಡೆಯವರೆಗೆ ಎದ್ದು, ಲಂಗದ ಲಾಡಿ ಬಿಗಿದ ಕಡೆಯೂ ಬಳೆ ಒತ್ತಿದ ಕಡೆಯೂ ಗೆರೆಗೆರೆಯಾಗಿ ಉಬ್ಬಿ, ಇಡೀ ಮೈ ಉರಿಯುತ್ತಿರುತ್ತದೆ. ಮಲೆನಾಡಿನವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ತುರಚಿ ಗಿಡಗಳ ಮಧ್ಯೆ ಬರಿಮೈಯಲ್ಲಿ ಬಿದ್ದಂತೆ. ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಮಾಯವಾಗುತ್ತದೆ. ನನಗಂತೂ ಬೆಳಗಾಗುವಷ್ಟರಲ್ಲಿ ಚರ್ಮ ಏನೂ ಆಗಿಲ್ಲವೆಂಬಂತೆ ನುಣುಪಾಗಿರುತ್ತಿತ್ತು. ರಾತ್ರಿಯಿಡೀ ನಿದ್ದೆಗೆಟ್ಟ ಮುಖ ಹೊತ್ತು ಒಂದು ಚಿಕಿತ್ಸಾಲಯಕ್ಕೆ ಹೋದಾಗ, ತೋಳು ತಿರುಗಿಸಿ ನೋಡಿ, ಇಲ್ಲಿ ಏನೂ ಇಲ್ಲವಲ್ಲ, ಮನಸ್ಸಿಗೆ ಹೆಚ್ಚು ಹಚ್ಚಿಕೊಳ್ಳಬೇಡಿ ಎಂದು ಕಳುಹಿಸಿದರು. ಹೊರಗೆ ಬಂದು ನನ್ನ ತೋಳನ್ನು ನಾನೇ ನೋಡಿಕೊಂಡೆ. ಅವರು ಹೇಳಿದ್ದು ಕಣ್ಣಿಗೆ ಕಾಣುವಷ್ಟರ ಮಟ್ಟಿಗೆ ನಿಜವೇ ಆಗಿತ್ತು. ಅಂದಿನಿಂದ ಬಹಳ ಕಾಲ, ತುರಿಕೆಗಿಂತ ಹೆಚ್ಚಾಗಿ, ನನ್ನನ್ನು ಯಾರೂ ನಂಬುವುದಿಲ್ಲ ಎಂಬ ಯೋಚನೆಯೇ ನನ್ನನ್ನು ತಿಂದಿತು.

ನಾನು ದ್ವಿತೀಯ ಪಿಯುಸಿಗೆ ಜೀವಶಾಸ್ತ್ರ ಕಲಿಸುವವಳು. ಅಲರ್ಜಿಯ ಪುಟವನ್ನು ಪ್ರತಿವರ್ಷ ಪಾಠ ಮಾಡುತ್ತೇನೆ: ಧೂಳಿನ ನುಸಿ, ಪರಾಗ, ಪ್ರಾಣಿಗಳ ತಲೆಹೊಟ್ಟು, ಅವುಗಳಿಗೆ ಎದುರಾಗಿ ಹುಟ್ಟುವ ಐಜಿಇ ಪ್ರತಿಕಾಯಗಳು, ಮಾಸ್ಟ್ ಕೋಶಗಳಿಂದ ಬಿಡುಗಡೆಯಾಗಿ ತುರಿಕೆ, ಬಾವು ತರುವ ಹಿಸ್ಟಮೀನ್. ಆ ಪುಟದಲ್ಲಿ ಪ್ರತಿಯೊಂದು ಪರಿಣಾಮಕ್ಕೂ ಹೊರಗಿನದೊಂದು ಕಾರಣವಿದೆ. ನನ್ನ ಮೈಯಲ್ಲಿ ಅದೇ ಹಿಸ್ಟಮೀನ್ ಅದೇ ಕೋಶಗಳಿಂದ ಸುರಿಯುತ್ತಿತ್ತು, ಆದರೆ ಬೊಟ್ಟು ಮಾಡಿ ತೋರಿಸಬಹುದಾದ ಯಾವ ವಸ್ತುವೂ ಸಿಗಲಿಲ್ಲ. ಆರು ವಾರ ದಾಟಿಯೂ ಬಿಡದ ಇಂಥ ಗಂಧೆಯಲ್ಲಿ ಬಹುಪಾಲು ಜನರಿಗೆ ಹೊರಗಿನ ಕಾರಣ ಸಿಗುವುದೇ ಇಲ್ಲ, ಅನೇಕರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೋಶಗಳನ್ನು ಕೆಣಕುತ್ತಿರುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ ಬದನೆಕಾಯಿ, ಶೇಂಗಾ, ಮೊಸರು, ಹುಣಸೆಹುಳಿ, ಹಾಲು ಒಂದೊಂದಾಗಿ ನನ್ನ ತಟ್ಟೆಯಿಂದ ಎದ್ದುಹೋಗಿ, ಅನ್ನ ಮತ್ತು ಹೆಸರುಬೇಳೆಯ ಕಟ್ಟು ಮಾತ್ರ ಉಳಿದಿದ್ದವು. ಸಿಕ್ಕವರೆಲ್ಲ ಪ್ರೀತಿಯಿಂದಲೇ ಕೇಳುತ್ತಿದ್ದರು: ನಿನ್ನೆ ಏನು ತಿಂದಿದ್ದೆ? ಯಾವ ಸೋಪು? ಹೊಸ ಬಟ್ಟೆಯೇ? ನೀರು ಬದಲಾಯಿತೇ? ಮಲೆನಾಡಿನ ನನ್ನ ಊರು ಸಾಗರದ ತಂಪಿನಿಂದ ಕಲಬುರಗಿಯ ಬಿಸಿಲಿಗೆ ಬಂದದ್ದಕ್ಕೇ ಹೀಗೆ ಎಂದು ನೆಂಟರೆಲ್ಲ ತೀರ್ಮಾನಿಸಿದರು. ಅವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಪ್ರತಿ ಪ್ರಶ್ನೆಗೂ ಉತ್ತರ ಹುಡುಕುತ್ತ, ಈ ಉರಿಯನ್ನು ನಾನೇ ಎಲ್ಲಿಂದಲೋ ಹೊತ್ತು ತಂದೆನೇನೋ ಎಂಬ ಭಾವ ನನ್ನೊಳಗೆ ಗಟ್ಟಿಯಾಗುತ್ತ ಹೋಯಿತು.

ಕಾರಣವನ್ನು ಒಮ್ಮೆಯೂ ಕೇಳದವರು ಒಬ್ಬರಿದ್ದರು. ನಾನು ಬಾಡಿಗೆಗಿರುವ ಮನೆಯ ಕೆಳಗಿನ ಅಂತಸ್ತಿನಲ್ಲಿ ಮೊಮ್ಮಗನೊಂದಿಗೆ ವಾಸಿಸುವ, ಕಟಕ ರೊಟ್ಟಿ ಬಡಿದು ಮಾರುವ, ಓಣಿಯವರೆಲ್ಲ ಅಮ್ಮ ಎಂದೇ ಕರೆಯುವ ಹಿರಿಯರು. ಅವರ ಹೆಸರನ್ನು ಇಲ್ಲಿ ಬರೆಯುವುದು ಅವರಿಗೆ ಇಷ್ಟವಾಗುವುದಿಲ್ಲ. ನನಗೂ ಅವರಿಗೂ ನೆಂಟಸ್ತಿಕೆ ಇಲ್ಲ, ಜಾತಿ ಒಂದಲ್ಲ, ಮಾತಿನ ಧಾಟಿಯೂ ಒಂದಲ್ಲ. ತಿಂಗಳ ಬಾಡಿಗೆ ಮತ್ತು ಮೇಲಿನ ಟ್ಯಾಂಕಿನ ನೀರು ಬಿಟ್ಟರೆ ನಮ್ಮ ನಡುವೆ ಆವರೆಗೆ ಹೆಚ್ಚಿನ ಮಾತುಕತೆಯೇ ನಡೆದಿರಲಿಲ್ಲ.

ಆ ರಾತ್ರಿ ಮೇ ತಿಂಗಳಿನದು. ಹಗಲಿನ ಬಿಸಿಲು ತಾರಸಿಯಲ್ಲಿ ಹಾಗೇ ಕುಳಿತಿತ್ತು, ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಮೈಮೇಲಿನ ದದ್ದುಗಳು ಒಂದಕ್ಕೊಂದು ಕೂಡಿಕೊಂಡು ಎಲ್ಲಿ ಶುರು, ಎಲ್ಲಿ ಕೊನೆ ಎಂದು ತಿಳಿಯದಂತಾಗಿತ್ತು. ಅದಕ್ಕೂ ಮಿಗಿಲಾಗಿ, ಮೊದಲ ಬಾರಿಗೆ ಕಣ್ಣಿನ ರೆಪ್ಪೆಗಳೂ ಮೇಲ್ದುಟಿಯೂ ಊದಿಕೊಂಡವು. ಗಾಳಿಗಾಗಿ ಮೆಟ್ಟಿಲಿಗೆ ಬಂದು ಕುಳಿತ ನಾನು ಯಾರನ್ನೂ ಕರೆಯಲಿಲ್ಲ. ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದ ಅಮ್ಮ ತಾವಾಗಿಯೇ ಎದ್ದು ಬಂದು, ಟಾರ್ಚಿನ ಬೆಳಕನ್ನು ನನ್ನ ಮುಖಕ್ಕೆ ಹಿಡಿದು ನೋಡಿ, ಒಂದು ಕ್ಷಣ ಸುಮ್ಮನಿದ್ದು, “ಅಂಜಬ್ಯಾಡ ಯವ್ವಾ, ನಾ ಇಲ್ಲೇ ಇರ್ತೀನಿ” ಎಂದರು. ಏನಾಯಿತು, ಯಾಕಾಯಿತು ಎಂದು ಕೇಳಲಿಲ್ಲ.

ಮೊದಲು ನಾಲಿಗೆ ಚಾಚಿಸಿ ನೋಡಿದರು. ಉಸಿರು ಸರಾಗವಾಗಿದೆಯೇ, ಗಂಟಲು ಬಿಗಿಯುತ್ತಿದೆಯೇ ಎಂದು ಕೇಳಿದರು. ಅವರು ಕೇಳಿದ್ದು ಅಷ್ಟೇ, ಮತ್ತು ಕೇಳಬೇಕಾದದ್ದೂ ಅದೇ ಎಂದು ವೈದ್ಯರು ನನಗೆ ಆಮೇಲೆ ಹೇಳಿದರು, ಏಕೆಂದರೆ ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದರೆ ಮನೆಯಲ್ಲಿ ಕೂರುವಂತಿಲ್ಲ. ಮೊಮ್ಮಗನನ್ನು ಎಬ್ಬಿಸಿ, ಓಣಿಯ ಕೊನೆಯ ಮನೆಯ ಆಟೋದವರನ್ನು ಕರೆಸಿ, ಬಾಗಿಲ ಮುಂದೆ ಗಾಡಿ ನಿಲ್ಲಿಸಿಕೊಂಡೇ ಉಳಿದದ್ದಕ್ಕೆ ಕೈಹಾಕಿದರು. ಮಣ್ಣಿನ ಗಡಿಗೆಯ ನೀರಿನಲ್ಲಿ ಅದ್ದಿದ ಹಳೆಯ ನೂಲಿನ ಸೀರೆಯ ತುಂಡುಗಳನ್ನು ನನ್ನ ಬೆನ್ನಿಗೂ ತೋಳಿಗೂ ಹಾಸುವುದು, ಅವು ಬೆಚ್ಚಗಾದ ಕೂಡಲೇ ತೆಗೆದು ಮತ್ತೆ ಅದ್ದುವುದು, ನಡುನಡುವೆ ಬೀಸಣಿಗೆಯಿಂದ ಗಾಳಿ ಹಾಕುವುದು. ನನ್ನ ಕೈ ತಾನಾಗಿ ಕೆರೆಯಲು ಹೋದಾಗ ಬಯ್ಯಲಿಲ್ಲ, ಆ ಕೈಯನ್ನು ಹಿಡಿದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ರೊಟ್ಟಿ ಬಡಿದು ಬಡಿದು ಬಿರುಸಾದ ಆ ಅಂಗೈಗಳು ಅಷ್ಟು ಹಗುರವಾಗಿ ಮೈ ಮುಟ್ಟಬಲ್ಲವು ಎಂದು ನಾನು ಊಹಿಸಿರಲಿಲ್ಲ.

ಆ ಹೊತ್ತಿನಲ್ಲಿ ನಾನು ಅತ್ತೆ. ಈ ಮೈ ನನಗೆ ಬೇಡ, ಇದನ್ನು ಎಲ್ಲಿಯಾದರೂ ಕಳಚಿಟ್ಟು ಹೋಗಿಬಿಡುತ್ತೇನೆ, ನಾಳೆಯ ರಾತ್ರಿ ನನಗೆ ಬೇಡವೇ ಬೇಡ ಎಂದು ಗಟ್ಟಿಯಾಗಿ ಹೇಳಿದೆ. ಅದುವರೆಗೆ ನನ್ನೊಳಗೇ ಹೇಳಿಕೊಂಡಿದ್ದ ಆ ಮಾತು ಬೇರೆಯವರ ಕಿವಿಗೆ ಬಿದ್ದದ್ದು ಅದೇ ಮೊದಲು. ಸಮಾಧಾನ ಹೇಳುವವರು ಸಾಮಾನ್ಯವಾಗಿ ಇಂಥ ಮಾತನ್ನು ತಕ್ಷಣ ಮುಚ್ಚಿಬಿಡುತ್ತಾರೆ. ಅಮ್ಮ ಮುಚ್ಚಲಿಲ್ಲ. “ಅಷ್ಟು ಉರೀತದ ಏನು?” ಎಂದರು, ನಾನು ಹೌದು ಎಂದೆ, “ಅಳು” ಎಂದರು. ನನ್ನ ಅಳು ನಿಂತ ಮೇಲೆ, ಭೀಮಾ ನದಿಯ ದಂಡೆಯ ತಮ್ಮ ತವರಿನ ಬಗ್ಗೆ, ಅಲ್ಲಿನ ಬಿಳಿಜೋಳದ ಹೊಲಗಳ ಬಗ್ಗೆ, ಸುಗ್ಗಿಯಲ್ಲಿ ಸೀತನಿ ಸುಡುವ ಬಗೆಯ ಬಗ್ಗೆ ನಿಧಾನವಾಗಿ ಮಾತಾಡುತ್ತ ಹೋದರು. ಆ ಮಾತುಗಳಲ್ಲಿ ನನ್ನ ಕಾಯಿಲೆ ಎಲ್ಲಿಯೂ ಇರಲಿಲ್ಲ. ಮೂಡಣ ಬೆಳಗುವ ಹೊತ್ತಿಗೆ ತುಟಿಯ ಬಾವು ಇಳಿಯತೊಡಗಿತ್ತು. ಅಮ್ಮ ಒಂದು ಗಳಿಗೆಯೂ ಕಣ್ಣು ಮುಚ್ಚದೆ, ಹಾಗೆಯೇ ಎದ್ದು ಆ ದಿನದ ಗಿರಾಕಿಗಳ ರೊಟ್ಟಿಗೆ ಹಿಟ್ಟು ನಾದಲು ಹೋದರು.

ಆದರೆ ನನ್ನ ಬದುಕು ತಿರುಗಿದ್ದು ಅದರ ಮರುದಿನ ಎನ್ನಬೇಕು. ಚರ್ಮರೋಗ ತಜ್ಞರ ಬಳಿಗೆ ನಾನೊಬ್ಬಳೇ ಹೊರಟಾಗ ಅಮ್ಮ ಸೆರಗು ಸರಿಪಡಿಸಿಕೊಂಡು ಜೊತೆಗೆ ಬಂದರು. ಎಂದಿನಂತೆ ನನ್ನ ತೋಳಿನ ಮೇಲೆ ಏನೂ ಇರಲಿಲ್ಲ. ಎಂದಿನಂತೆಯೇ ನಾನು ಅಳುಕುತ್ತ, ನಡೆದದ್ದನ್ನು ಅರ್ಧಕ್ಕರ್ಧ ಕಡಿಮೆ ಮಾಡಿ ಹೇಳತೊಡಗಿದಾಗ, ಅಮ್ಮ ನಡುವೆ ಬಾಯಿ ಹಾಕಿ, “ಡಾಕ್ಟರೇ, ನಾ ಕಂಡೀನ್ರಿ. ಇಡೀ ರಾತ್ರಿ ಕಂಡೀನಿ” ಎಂದು, ಎಲ್ಲಿ ಎಷ್ಟು ಅಗಲ ಎದ್ದಿತ್ತು, ಎಷ್ಟು ಹೊತ್ತಿಗೆ ಇಳಿಯಿತು, ತುಟಿ ಹೇಗೆ ಊದಿತ್ತು ಎಂಬುದನ್ನೆಲ್ಲ ಸಾಕ್ಷಿ ನುಡಿಯುವವರ ಗಾಂಭೀರ್ಯದಿಂದ ಹೇಳಿದರು. ಟಾರ್ಚಿನ ಬೆಳಕಿನಲ್ಲಿ ಮೊಮ್ಮಗ ಮೊಬೈಲಿನಲ್ಲಿ ತೆಗೆದಿದ್ದ ಚಿತ್ರಗಳನ್ನೂ ತೋರಿಸಿದರು. ನಾನು ಅವರ ಪಕ್ಕದಲ್ಲಿ ಕುಳಿತು, ನನ್ನ ಸಂಕಟ ನನ್ನ ಕಲ್ಪನೆಯಲ್ಲ ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಂಡೆ. ಅಮ್ಮಾ, ಆ ಒಂದು ಮಾತಿಗೆ ನಾನು ನಿಮಗೆ ಏನನ್ನು ಕೊಟ್ಟರೂ ಸಾಲ ತೀರುವುದಿಲ್ಲ.

ಆ ವೈದ್ಯೆಗೆ ನನ್ನ ಎರಡನೆಯ ಕೃತಜ್ಞತೆ. ಕಾರಣ ಎಂದಿಗೂ ಸಿಗದೇ ಇರಬಹುದು, ಆದರೆ ಕಾರಣ ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಅವರು ಮೊದಲ ಭೇಟಿಯಲ್ಲಿಯೇ ಸ್ಪಷ್ಟವಾಗಿ ಹೇಳಿದರು. ತಟ್ಟೆಯಿಂದ ಎದ್ದುಹೋಗಿದ್ದನ್ನೆಲ್ಲ ಮರಳಿ ಕೂರಿಸಿದರು. ಪ್ರತಿದಿನ ದದ್ದುಗಳಿಗೆ 0ಯಿಂದ 3, ತುರಿಕೆಗೆ 0ಯಿಂದ 3 ಅಂಕ ಕೊಟ್ಟು ವಾರದ ಮೊತ್ತ ಬರೆದಿಡಲು ಕಲಿಸಿದರು. ಹೆಚ್ಚೆಂದರೆ 42 ಆಗುವ ಆ ಮೊತ್ತ ನನಗೆ ಮೂವತ್ತರ ಮೇಲೆಯೇ ಇರುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ಅಂಕಗಳನ್ನು ತಪ್ಪದೆ ಬರೆದವನು ಅಮ್ಮನ ಮೊಮ್ಮಗ. ಮೊದಲ ಬಾರಿಗೆ ಇಡೀ ವಾರದ ಸಾಲಿನಲ್ಲಿ ಸೊನ್ನೆಗಳು ಬಂದಾಗ ಅವನು ಕಿರುಚಿದ್ದು ಓಣಿಗೆಲ್ಲ ಕೇಳಿಸಿತು, ಅಂದು ಅಮ್ಮ ಎಣ್ಣೆಗಾಯಿ, ಶೇಂಗಾ ಹಿಂಡಿ ಎರಡನ್ನೂ ಮಾಡಿದರು.

ದಿನಕ್ಕೆ ನಾಲ್ಕು ಮಾತ್ರೆಗಳಿಗೂ ಗಂಧೆ ಬಗ್ಗದೆ ಹೋದಾಗ ಒಮಾಲಿಜುಮಾಬ್ ಎಂಬ ಚುಚ್ಚುಮದ್ದು ಶುರುವಾಯಿತು, 4 ವಾರಕ್ಕೊಮ್ಮೆ 300 ಮಿಲಿಗ್ರಾಂ. ಅದರ ಬೆಲೆ ನನ್ನ ಸಂಬಳಕ್ಕೆ ಭಾರವೆಂದು ತಿಳಿದ ದಿನವೇ ನನ್ನ ತಮ್ಮ, ಧಾರಣೆ ಏರುವುದನ್ನು ಕಾಯದೆ, ಮನೆಯ ಅಡಿಕೆ ಮಾರಿದ. ಆ ಔಷಧಿ ಆಸ್ತಮಾಕ್ಕೆಂದು ಬಂದು, 2014ರಲ್ಲಿ ಅಮೆರಿಕ, ಯುರೋಪುಗಳಲ್ಲಿ ಈ ಗಂಧೆಗೂ ಒಪ್ಪಿಗೆ ಪಡೆದದ್ದು. ಅದು ಹಿಡಿದುಕೊಳ್ಳುವುದು ಐಜಿಇಯನ್ನು, ಅಂದರೆ ಕಿಮಿಶಿಗೆ ಇಶಿಜಾಕಾ ಮತ್ತು ಟೆರುಕೊ ಇಶಿಜಾಕಾ ಎಂಬ ಜಪಾನಿ ದಂಪತಿ ಅಮೆರಿಕದಲ್ಲಿ ಕೆಲಸ ಮಾಡುತ್ತ 1966ರಲ್ಲಿ ಜಗತ್ತಿಗೆ ತೋರಿಸಿಕೊಟ್ಟ ಪ್ರತಿಕಾಯವನ್ನು. ಅದನ್ನು ಬೆನ್ನಟ್ಟಿದ ವರ್ಷಗಳಲ್ಲಿ ಅವರು ತಮ್ಮದೇ ಚರ್ಮಕ್ಕೆ ಚುಚ್ಚಿಕೊಂಡು ಎದ್ದ ದದ್ದುಗಳನ್ನು ಅಳೆದವರು. ನನಗಾಗಿ ಎಂದು ಅವರಿಗೆ ತಿಳಿದಿರಲಿಲ್ಲ, ಆದರೂ ಆ ತುರಿಕೆಯನ್ನು ಬೇಕೆಂದೇ ಬರಮಾಡಿಕೊಂಡ ಅವರಿಬ್ಬರಿಗೆ ಈ ವರ್ಷ ತರಗತಿಯಲ್ಲಿ ಆ ಪಾಠ ಮಾಡುವಾಗ ಮನಸ್ಸಿನಲ್ಲೇ ಕೈಮುಗಿದೆ.

ಮುರುಗಲ ಸಿಪ್ಪೆಯನ್ನೂ ನೆರಳಲ್ಲಿ ಒಣಗಿಸಿದ ದೊಡ್ಡಪತ್ರೆಯನ್ನೂ ಬಸ್ಸಿನಲ್ಲಿ ಕಳುಹಿಸುತ್ತಲೇ ಇದ್ದ ನನ್ನ ತಾಯಿಗೆ, ನನ್ನ ಹೆಸರಿನಲ್ಲಿ ಕುಕ್ಕೆಯಲ್ಲಿ ಹರಕೆ ತೀರಿಸಿ ಬಂದ ಅತ್ತಿಗೆಗೆ, ಪರೀಕ್ಷೆಯ ಮೇಲ್ವಿಚಾರಣೆಯ ಸರದಿಯನ್ನು ತಾವು ವಹಿಸಿಕೊಂಡ ಸಹೋದ್ಯೋಗಿಗಳಿಗೆ, ಫ್ಯಾನಿನ ಕೆಳಗೆ ನನ್ನ ಕುರ್ಚಿಯನ್ನು ದಿನವೂ ಎಳೆದಿಡುತ್ತಿದ್ದ ವಿದ್ಯಾರ್ಥಿನಿಯರಿಗೆ, ಆ ರಾತ್ರಿ ಬೆಳಗಿನವರೆಗೂ ಗಾಡಿಯಲ್ಲೇ ಕುಳಿತು ಹಣ ಮುಟ್ಟದೆ ಹೋದ ಆಟೋದವರಿಗೆ, ಎಲ್ಲರಿಗೂ ನಾನು ಋಣಿ.

ಈ ಗಂಧೆ ಕೆಲವರಲ್ಲಿ ಒಂದೆರಡು ವರ್ಷ, ಕೆಲವರಲ್ಲಿ ಐದು ವರ್ಷಕ್ಕೂ ಹೆಚ್ಚು ಉಳಿಯುತ್ತದೆ, ಹೋದದ್ದು ಮರಳಿ ಬರಲೂಬಹುದು. ಬಂದರೆ ಎಂಬ ಭಯ ನನ್ನನ್ನು ಪೂರ್ತಿ ಬಿಟ್ಟಿಲ್ಲ. ಈಚೆಗೆ ಒಂದು ಸಂಜೆ ಮೊಣಕೈ ಬಳಿ ಸಣ್ಣ ದದ್ದೊಂದು ಎದ್ದಾಗ ಎದೆ ಹೊಡೆದುಕೊಂಡಿತು. ಆದರೆ ಕೆಳಗಿಳಿದು ಅಮ್ಮನಿಗೆ ತೋರಿಸಿದೆ. ಮೊದಲಾಗಿದ್ದರೆ ಸೆರಗು ಎಳೆದುಕೊಂಡು ಒಬ್ಬಳೇ ಕೂರುತ್ತಿದ್ದೆ. ನನ್ನಲ್ಲಿ ಆಗಿರುವ ಬದಲಾವಣೆ ಇದು, ಮತ್ತು ಇದು ಔಷಧಿಯಿಂದ ಆದದ್ದಲ್ಲ.

ದಸರಾ ರಜೆಗೆ ಅಮ್ಮನೂ ಮೊಮ್ಮಗನೂ ನನ್ನೊಂದಿಗೆ ಸಾಗರಕ್ಕೆ ಬರುತ್ತಿದ್ದಾರೆ. ಜೋಗವನ್ನು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ನನ್ನ ತಾಯಿ ಈಗಾಗಲೇ ಎರಡು ಬಾರಿ ಫೋನು ಮಾಡಿ, ಅವರಿಗೆ ಅಕ್ಕಿ ರೊಟ್ಟಿ ಸೇರುತ್ತದೆಯೇ ಎಂದು ವಿಚಾರಿಸಿದ್ದಾರೆ. ಆ ವಾರ ಓಣಿಯಲ್ಲಿ ಕಟಕ ರೊಟ್ಟಿ ಸಿಗುವುದಿಲ್ಲ. ಅಮ್ಮನ ಗಿರಾಕಿಗಳು ದಯವಿಟ್ಟು ಅನುಸರಿಸಿಕೊಳ್ಳಬೇಕು.